ಭಾನು ಹಿಡಿದ ಮೂತಿಹುಳ

ಮೊದಲ ದಿನವೇ ಅಲ್ಲಿ ನನ್ನನ್ನು ಇನ್ನೊಬ್ಬಳ ಹೆಸರಿನಿಂದ ಕರೆದರು. ಅವಳು ತೀರಿಕೊಂಡು ಮೂರು ವರ್ಷವಾಗಿದೆ ಎನ್ನುವುದು ನನಗೆ ಸಂಜೆಯವರೆಗೂ ಗೊತ್ತಿರಲಿಲ್ಲ.

ತಪ್ಪು ನನ್ನದೇ. ಎರಡು ಸಾವಿರದ ಒಂಬತ್ತರ ಜನವರಿ. ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ, ಅದೂ ಫ್ಯಾರನ್‌ಹೀಟ್‌ನಲ್ಲಿ. ಷಿಕಾಗೋದ ಪಶ್ಚಿಮಕ್ಕೆ, ಗ್ಲೆಂಡೇಲ್ ಹೈಟ್ಸ್‌ನಿಂದ ಹತ್ತು ಮೈಲಿ ದೂರದಲ್ಲಿದ್ದ ಆ ಪುಟ್ಟ ಮ್ಯೂಸಿಯಂನವರು ರಿಸೆಷನ್ ಬಂತೆಂದು ಹೀಟರ್ ಇಳಿಸಿದ್ದರು. ಕೀಟಗಳ ಕೋಣೆಯಲ್ಲಿ ಯಾರೂ ಇರಲಿಲ್ಲ. ಬಾಗಿಲ ಹಿಂದಿನ ಗೂಟದಲ್ಲಿ ಒಂದು ಬಿಳಿ ಲ್ಯಾಬ್ ಕೋಟು ತೂಗುತ್ತಿತ್ತು. ಸ್ವೆಟರ್ ಮೇಲೆ ಅದನ್ನೇ ಏರಿಸಿಕೊಂಡು ಕಾಫಿ ಮೆಷಿನ್ ಹುಡುಕುತ್ತಾ ಹೊರಟೆ. ಕೋಟು ನನ್ನ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು.

"ಗುಡ್ ಮಾರ್ನಿಂಗ್, ಡಾಕ್ಟರ್ ಭಾನು," ಎಂದ ಅದೇ ವಾರ ಕೆಲಸಕ್ಕೆ ಸೇರಿದ್ದ ಗಾರ್ಡ್. ಕೋಟಿನ ಜೇಬಿನ ಮೇಲೆ ನೀಲಿ ದಾರದಲ್ಲಿ ಹೊಲಿದಿದ್ದ ಹೆಸರನ್ನು ಓದಿದ್ದ, ಪಾಪ.

ಕಾರಿಡಾರಿನ ಆ ತುದಿಯಲ್ಲಿ ಒಬ್ಬರು ನಿಂತಿದ್ದರು. ಎತ್ತರದ ಆಳು, ಉದ್ದನೆಯ ಮೂಗು, ಟೋಪಿಯ ಮೇಲೆ ಇನ್ನೂ ಕರಗದ ಹಿಮ. ಕೈಯಲ್ಲಿದ್ದ ಕಪ್ಪು ವಾಲಿ ಕಾಫಿ ಅವರ ಬೂಟಿನ ಮೇಲೆ ಸುರಿಯುತ್ತಿತ್ತು. ಅದು ಅವರ ಗಮನಕ್ಕೇ ಬರಲಿಲ್ಲ.

"ಸಾರಿ, ತುಂಬಾ ಚಳಿ ಇತ್ತು," ಎಂದೆ. "ಭಾನು ಅವ್ರು ಬಂದ ತಕ್ಷಣ ಬಿಚ್ಚಿ ಕೊಟ್ಬಿಡ್ತೀನಿ."

"ಅವಳು ಬರಲ್ಲ," ಎಂದರು. ಕಪ್ಪನ್ನು ನೆಟ್ಟಗೆ ಹಿಡಿದು, "ಪರವಾಗಿಲ್ಲ. ಹಾಕ್ಕೊಂಡಿರಿ."

ಅವರೇ ಡಾಕ್ಟರ್ ಸುಶ್ರುತ. ಅವರ ಹುಳಗಳಿಗೆ ಚಿತ್ರ ಬರೆದುಕೊಡಲು ನಾನು ಬಂದದ್ದು.

ನಾನು ಸುಹಾಸಿನಿ, ಮೂಲ ಮೈಸೂರು. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ಹನ್ನೊಂದು ವರ್ಷ ಕಾರಿನ ಬಾಗಿಲ ಕೀಲುಗಳ ಡ್ರಾಯಿಂಗ್ ಮಾಡಿದವಳು. ಹಿಂದಿನ ನವೆಂಬರಿನಲ್ಲಿ ನಮ್ಮ ಇಡೀ ವಿಭಾಗವನ್ನು ಒಂದೇ ಬೆಳಿಗ್ಗೆ ಮನೆಗೆ ಕಳಿಸಿದ್ದರು. ಮದುವೆ ಎನ್ನುವುದು ನನ್ನ ಬಾಳಿಗೆ ಒಮ್ಮೆ ಬಂದು, ಫಾರ್ವರ್ಡಿಂಗ್ ಅಡ್ರೆಸ್ ಕೊಡದೆ ಹೊರಟುಹೋಗಿತ್ತು. ಹಾಗಾಗಿ ಅಮ್ಮನ ಗೆಳತಿ ಶಾರದ ಆಂಟಿ ಫೋನ್ ಮಾಡಿ, "ನಮ್ಮ ಕಡೆಯವನೊಬ್ಬನ ಹುಳಕ್ಕೆ ಡ್ರಾಯಿಂಗ್ ಮಾಡೋರು ಬೇಕಂತೆ, ನಮ್ಮನೆ ಬೇಸ್‌ಮೆಂಟ್ ಖಾಲಿ ಇದೆ, ಬಂದ್ಬಿಡು," ಎಂದಾಗ ಹುಳವೋ ಕೀಲೋ ಎಂದು ಯೋಚಿಸದೆ ಕಾರು ಹತ್ತಿದ್ದೆ.

ಆ ಸಂಜೆ ಗ್ಲೆಂಡೇಲ್ ಹೈಟ್ಸ್‌ನ ಅಡುಗೆಮನೆಯಲ್ಲಿ ಆಂಟಿ ಮಿಕ್ಕ ಕಥೆ ಹೇಳಿದರು.

"ಹೆಂಡ್ತಿ ಕಣೇ. ಇಬ್ರೂ ಹುಳದ ಡಾಕ್ಟ್ರೇ. ಅವಳು ಆಫ್ರಿಕಾಗೆ ಹೋದ್ಲು, ಹುಳ ತಂದ್ಲು, ಜೊತೆಗೆ ಮಲೇರಿಯಾನೂ ತಂದ್ಲು. ಇಬ್ರೂ ಫ್ಲೂ ಅಂದ್ಕೊಂಡ್ರು. ಅಷ್ಟರಲ್ಲಿ ತಲೆಗೇರಿತ್ತು. ಮೂವತ್ತ್ನಾಲ್ಕು ವಯಸ್ಸು."

"ಮೊದಲೇ ಯಾಕೆ ಹೇಳಲಿಲ್ಲ ಆಂಟಿ?"

"ಹೇಳಿದ್ರೆ ನೀನು ಬರ್ತಿದ್ಯಾ?" ಆಂಟಿ ಮೊರದಲ್ಲಿ ಅಕ್ಕಿ ಆರಿಸುತ್ತಾ ಒಂದು ಕರಿ ಹುಳವನ್ನು ಎತ್ತಿ ತೋರಿಸಿದರು. "ನೋಡು, ಇದರ ಜಾತೀದೇ ಅಂತೆ. ಸೋನಾ ಮಸೂರಿ ಚೀಲದಲ್ಲಿ ಸಿಕ್ಕಿದ್ರೆ ನಾನು ಹೊರಗೆ ಬಿಸಾಕ್ತೀನಿ. ಆ ಹುಡುಗ ಸೂಜಿ ಚುಚ್ಚಿ ಮೂರು ವರ್ಷದಿಂದ ಪೂಜೆ ಮಾಡ್ತಿದಾನೆ."

ಆ ಹುಡುಗನಿಗೆ ನಲವತ್ತು ದಾಟಿತ್ತು. ಮಾರನೆಯ ದಿನ ಕೋಟನ್ನು ಗೂಟದಲ್ಲೇ ಬಿಟ್ಟು, ಎರಡು ಸ್ವೆಟರ್ ಹಾಕಿಕೊಂಡು ಕೂತೆ. ಸುಶ್ರುತ ಬಂದು ನೋಡಿದರು, ಕೋಟನ್ನು ತಂದು ನನ್ನ ಕುರ್ಚಿಯ ಬೆನ್ನಿಗೆ ಹಾಕಿ ಹೋದರು.

* * *

ಎರಡು ಪೆಟ್ಟಿಗೆಗಳಿದ್ದವು. ಒಂದರಲ್ಲಿ ಉದ್ದಮೂತಿಯ ಹುಳ ಹದಿನಾಲ್ಕು, ಇನ್ನೊಂದರಲ್ಲಿ ಗಿಡ್ಡಮೂತಿಯವು ಒಂಬತ್ತು. ಎಲ್ಲವೂ ಅಕ್ಕಿ ಕಾಳಿಗಿಂತ ತುಸು ದೊಡ್ಡವು. ಮೊಜಾಂಬಿಕ್‌ನ ಒಂದು ಕಲ್ಲುಗುಡ್ಡದ ಮೇಲೆ, ಈಚಲಿನಂತೆ ಕಾಣುವ ಸೈಕಾಡ್ ಎಂಬ ಗಿಡದ ಕಾಯಿಯಲ್ಲಿ ಭಾನು ಹಿಡಿದವು. ಉದ್ದಮೂತಿಯ ಹುಳಕ್ಕೆ ಮೈಗಿಂತ ಮೂತಿಯೇ ಉದ್ದ, ನುಣ್ಣಗಿನ ಮೈ. ಗಿಡ್ಡಮೂತಿಗೆ ಮುಂಗಾಲಿನ ತುಂಬ ಒರಟು ಕೂದಲು.

"ಎರಡೂ ಹೊಸ ಜಾತಿ," ಎಂದರು ಸುಶ್ರುತ. "ಪ್ರಪಂಚದಲ್ಲಿ ಯಾರೂ ಇವಕ್ಕೆ ಇನ್ನೂ ಹೆಸರಿಟ್ಟಿಲ್ಲ."

"ನೀವೇ ಇಟ್ಬಿಡಿ ಮತ್ತೆ. ನಾಮಕರಣಕ್ಕೆ ಯಾರಾದ್ರೂ ಮೂರು ವರ್ಷ ಕಾಯ್ತಾರಾ?"

"ಸುಮ್ನೆ ಇಡೋಕಾಗಲ್ಲ. ಪ್ರತಿ ಕೂದಲು, ಪ್ರತಿ ಗುಳಿ ವರ್ಣನೆ ಮಾಡಿ ಬರೀಬೇಕು. ಚಿತ್ರ ಬೇಕು. ಒಂದ್ಸಲ ಪ್ರಿಂಟ್ ಆಯ್ತು ಅಂದ್ರೆ ನಾವೆಲ್ಲ ಸತ್ತ ಮೇಲೂ ಅದೇ ಹೆಸರು." ಅವರು ಕನ್ನಡಕ ಒರೆಸಿಕೊಂಡರು. "ನಮ್ಮಲ್ಲಿ ಒಂದು ಪದ್ಧತಿ. ಯಾರೂ ತಮ್ಮ ಹೆಸರನ್ನ ತಾವೇ ಇಡಲ್ಲ. ಬೇರೆಯವರು ಇಡಬೇಕು. ಅದಕ್ಕೆ ನಾವು ಮಾತಾಡ್ಕೊಂಡಿದ್ವಿ. ಉದ್ದಮೂತಿಗೆ ನಾನು ಅವಳ ಹೆಸರಿಡೋದು, ಗಿಡ್ಡಮೂತಿಗೆ ಅವಳು ನನ್ನ ಹೆಸರಿಡೋದು. ಒಂದೇ ಪೇಪರ್‌ನಲ್ಲಿ, ಒಂದೇ ಪುಟದಲ್ಲಿ."

"ಉದ್ದಮೂತಿ ನಿಮ್ಮದಾಗಬೇಕಿತ್ತಲ್ವಾ?" ಅವರ ಮೂಗನ್ನು ನೋಡುತ್ತಾ ಬಾಯಿ ಜಾರಿತು.

ಅವರು ಜೋರಾಗಿ ನಕ್ಕುಬಿಟ್ಟರು. ನಗುವಾಗ ಅವರ ವಯಸ್ಸು ಹತ್ತು ವರ್ಷ ಇಳಿಯುತ್ತಿತ್ತು. "ಅವಳೂ ಹಾಗೇ ಅಂತಿದ್ಲು," ಎಂದರು, ಅಷ್ಟಕ್ಕೇ ನಗು ನಿಂತುಹೋಯಿತು. ಆ ಕೋಣೆಯಲ್ಲಿ ಯಾವ ಮಾತು ಶುರುವಾದರೂ ಭಾನುವಿನ ಹತ್ತಿರ ಹೋಗಿ ನಿಲ್ಲುತ್ತಿತ್ತು.

ಕೆಲಸ ನನಗೆ ಬೇಗ ಹಿಡಿಯಿತು. ಮೈಕ್ರೋಸ್ಕೋಪಿಗೆ ಕನ್ನಡಿಯ ಕೊಳವೆಯೊಂದನ್ನು ಜೋಡಿಸಿದ್ದರು. ಅದರಲ್ಲಿ ಹುಳ ಮತ್ತು ನನ್ನ ಪೆನ್ಸಿಲ್ ಒಂದರ ಮೇಲೊಂದು ಕಾಣುತ್ತಿದ್ದವು. ಆ ಗೆರೆಯ ಮೇಲೆ ಶಾಯಿಯ ಚುಕ್ಕಿ ಇಡುತ್ತಾ ಹೋಗಬೇಕು. ಒಂದು ಕಾಲಿಗೆ ಒಂದು ದಿನ. ಪ್ರತಿ ಸೂಜಿಯಲ್ಲೂ ಹುಳದ ಕೆಳಗೆ ಉಗುರಗಲದ ಒಂದು ಚೀಟಿ, ಅದರಲ್ಲಿ ನಂಬರ್, ಊರು, ತಾರೀಖು, ಭಾನುವಿನ ಹೆಸರು, ಎಲ್ಲವೂ ಅವಳದೇ ಕೈಬರಹ. ಚೀಟಿಯನ್ನು ತೆಗೆಯದೆ ಚಿತ್ರ ಬರೆಯಲಾಗದು. ತೆಗೆದರೆ ಅದೇ ತೂತಿಗೆ, ಅದೇ ಸೂಜಿಗೆ ಹಿಂದಕ್ಕೆ ಹೋಗಬೇಕು. ದಿನಕ್ಕೆ ಹತ್ತು ಸಲ ನಾನು ಭಾನುವನ್ನು ಎತ್ತಿ ಪಕ್ಕಕ್ಕಿಟ್ಟು, ಮತ್ತೆ ಅವಳ ಜಾಗದಲ್ಲಿ ಕೂರಿಸುತ್ತಿದ್ದೆ.

ಕೋಟಿನ ಜೇಬಿನಲ್ಲಿ ಅವಳ ಒಂದು ಹೇರ್‌ಪಿನ್ ಇತ್ತು. "ಕೊತ್ತಂಬರಿ, ಬ್ಯಾಟರಿ, ಸುಶ್ರುತನ ಸಾಕ್ಸು" ಎಂಬ ಪಟ್ಟಿ ಇತ್ತು. ಎರಡನ್ನೂ ಅಲ್ಲೇ ಬಿಟ್ಟೆ. ಕೆಲವು ಮಧ್ಯಾಹ್ನ, ಚುಕ್ಕಿ ತಪ್ಪಾಗಿ ಬಿದ್ದಾಗ, ಹಿಂದಿನಿಂದ ಯಾರೋ ಬಗ್ಗಿ ನೋಡಿದಂತಾಗಿ ತಿರುಗುತ್ತಿದ್ದೆ. ಹೀಟರಿನ ಸದ್ದು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಇನ್ನೊಂದು ಮೈಕ್ರೋಸ್ಕೋಪಿಗೆ ಎರಡು ತಲೆ. ಮೇಜಿನ ಆ ಕಡೆ ಅವರು, ಈ ಕಡೆ ನಾನು, ಮಧ್ಯೆ ಒಂದೇ ಹುಳ. ಅದರೊಳಗೊಂದು ಹಸಿರು ಬಾಣದ ಗುರುತು, ಅದನ್ನು ಆಡಿಸುವ ಗುಂಡಿ ಅವರ ಕೈಯಲ್ಲಿ.

"ನೋಡಿ, ಈ ಕೂದಲು ಬಿಟ್ಟಿದೀರ." ಬಾಣ ಹುಳದ ಮೊಣಕಾಲನ್ನು ತಟ್ಟಿತು.

"ಬಿಟ್ಟಿಲ್ಲ. ನಿನ್ನೆ ನೀವು ಊದಿ ಹಾರಿಸಿದ್ರಿ."

"ನಾನು ಉಸಿರೂ ಬಿಡಬಾರದಾ?"

"ಮೂಗು ಅಷ್ಟುದ್ದ ಇದ್ರೆ ಸ್ವಲ್ಪ ದೂರದಲ್ಲಿ ಬಿಡಿ."

ಹಸಿರು ಬಾಣ ನಕ್ಕಂತೆ ಕುಲುಕಿತು. ಕಣ್ಣೆತ್ತಿದರೆ ಅವರ ಹಣೆ ನನ್ನ ಹಣೆಯಿಂದ ಒಂದು ಗೇಣು ದೂರ. ಅವರು ಕಣ್ಣೆತ್ತುವ ಮೊದಲೇ ನಾನು ಬಗ್ಗಿಬಿಡುತ್ತಿದ್ದೆ. ನಾನು ಬಗ್ಗಿದ ಮೇಲೆ ಅವರು ನೋಡುತ್ತಿದ್ದರು, ಅದು ನನಗೆ ಗೊತ್ತಾಗುತ್ತಿತ್ತು. ಹೀಗೆ ಫೆಬ್ರವರಿ ಕಳೆಯಿತು. ಮಾರ್ಚಿನ ಹೊತ್ತಿಗೆ ನನ್ನ ಚಿತ್ರಾನ್ನದ ಡಬ್ಬಿಗೆ ಎರಡು ಚಮಚ ಬರತೊಡಗಿದ್ದವು.

ನನಗೆ ಅವರ ಮೇಲೆ ಪ್ರೀತಿ ಹುಟ್ಟಿತ್ತು, ಅದನ್ನು ಸುತ್ತಿಬಳಸಿ ಹೇಳುವುದೇನಿದೆ. ಸತ್ತವಳ ಮೇಲೆ ಹೊಟ್ಟೆಕಿಚ್ಚೂ ಹುಟ್ಟಿತ್ತು. ಅವರು ಒಂದೇ ಒಂದು ಸಲವೂ ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ. "ನೋಡಿ", "ಕೇಳಿ", "ಮೇಡಂ", ಬಹಳ ಖುಷಿಯಾಗಿದ್ದರೆ "ಟ್ರಾಯ್ ಅವರೇ". ಹುಳಗಳಿಗೆ ಹೆಸರಿಡುವುದೇ ಕಸುಬಾದ ಮನುಷ್ಯ, ಎದುರಿಗೆ ಕೂತವಳ ಹೆಸರಿಗೆ ನಾಲಿಗೆ ತಿರುಗದು.

ಒಂದು ದಿನ ಚೀಟಿಗಳನ್ನು ನಂಬರ್ ಪ್ರಕಾರ ಜೋಡಿಸಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೊದಲ ಚೀಟಿಗಳ ಅಕ್ಷರಗಳು ನೆಟ್ಟಗಿದ್ದವು. ಹದಿನೈದರ ನಂತರ ಸಾಲು ಕೆಳಗೆ ವಾಲುತ್ತಾ ಬಂದಿತ್ತು.

"ಇಲ್ಲಿಂದ ಅವ್ರಿಗೆ ಜ್ವರ ಇತ್ತಾ?" ಎಂದು ಕೇಳಿಬಿಟ್ಟೆ.

ಸುಶ್ರುತ ಕಿಟಕಿಯ ಕಡೆ ತಿರುಗಿದರು. "ಚೀಟಿ ಇಲ್ಲದ ಹುಳಕ್ಕೆ ಬೆಲೆ ಇಲ್ಲ. ಎಲ್ಲಿ, ಯಾವಾಗ ಅಂತ ಮರೆತ್ರೆ ಅದು ಬರೀ ಕಸ. ಅವಳು ತಲೆನೋವು ಅಂದ್ಲು. ನಾನು, ಲೇಬಲ್ ಮುಗಿಸ್ಬಿಡು, ಆಮೇಲೆ ಡಾಕ್ಟ್ರ ಹತ್ರ ಹೋಗೋಣ ಅಂದೆ." ಅವರ ಧ್ವನಿ ಬಹಳ ಸಣ್ಣಗಿತ್ತು. "ನಾನೇ ಹಾಗಂದೆ. ಎರಡು ದಿನ ಕೂತು ಬರೆದ್ಲು. ಮೂರನೇ ದಿನ ಆಂಬುಲೆನ್ಸ್ ಬಂತು."

ಪೆಟ್ಟಿಗೆಯ ಮೂಲೆಯಲ್ಲಿ ಹೆಬ್ಬೆರಳುದ್ದದ ಗಾಜಿನ ಸೀಸೆಯೊಂದು ಉಳಿದಿತ್ತು, ಹಳದಿಗಟ್ಟಿದ ಸ್ಪಿರಿಟ್ಟಿನಲ್ಲಿ ಏನೋ ಮುಳುಗಿತ್ತು. ಅದಕ್ಕೆ ಕೈಹಾಕಿದೆ.

"ಅದು ಬೇಡ," ಎಂದರು. "ಅದು ಕೊನೇ ದಿನ ಮುಚ್ಚಿದ್ದು. ನಾನೂ ತೆಗೆದಿಲ್ಲ."

* * *

ಯುಗಾದಿ ಮಾರ್ಚ್ ಇಪ್ಪತ್ತೇಳಕ್ಕೆ ಬಂತು. ಒಂದು ಇಂಟರ್‌ವ್ಯೂ ಕೂಡ ಇತ್ತು, ಟ್ರಾಯ್‌ಗೆ ಡ್ರೈವ್ ಮಾಡಿದೆ. ಹುಳಗಳನ್ನು ಹೊರಗೆ ಒಯ್ಯುವಂತಿಲ್ಲ, ತೆಳು ಕಾಗದದ ಮೇಲೆ ಎಳೆದ ಟ್ರೇಸಿಂಗ್‌ಗಳನ್ನು ಮಾತ್ರ ತಂದಿದ್ದೆ. ಇಂಟರ್‌ವ್ಯೂ ಮಾಡಬೇಕಾದವನನ್ನೇ ಹಿಂದಿನ ದಿನ ಕೆಲಸದಿಂದ ತೆಗೆದಿದ್ದರು. ಭಾರತೀಯ ಟೆಂಪಲ್‌ನಲ್ಲಿ ಬೇವುಬೆಲ್ಲ ತಿಂದು, ಬರುವ ದಾರಿಯಲ್ಲಿ ನನ್ನ ಹಳೆಯ ಆಫೀಸಿನ ಮುಂದೆ ಕಾರು ನಿಲ್ಲಿಸಿದೆ. ಪಾರ್ಕಿಂಗ್ ಲಾಟ್ ಖಾಲಿ. ಗಾಜಿನೊಳಗೆ ನನ್ನ ಮೇಜು ಕಾಣುತ್ತಿತ್ತು, ಅದರ ಮೇಲೆ ನಾನು ಮರೆತಿದ್ದ ಕುಂಕುಮ ಬಣ್ಣದ ಕಾಫಿ ಕಪ್ಪು ಹಾಗೇ ಇತ್ತು. ಬದುಕಿರುವವರೂ ಕೆಲವು ಕಡೆ ದೆವ್ವವಾಗಿ ಉಳಿದಿರುತ್ತಾರೆ ಎಂದು ಅಂದು ತಿಳಿಯಿತು.

ಟ್ರಾಯ್‌ನಲ್ಲಿ ಇನ್ನೂ ಬಿಟ್ಟುಕೊಡದಿದ್ದ ನನ್ನ ಬಾಡಿಗೆ ಮನೆಗೆ ಬಂದವಳು ಬೇಸರ ಕಳೆಯಲು ಹಳೆಯ ಅಭ್ಯಾಸದಂತೆ ಟ್ರೇಸಿಂಗ್‌ಗಳನ್ನು ಬಾಲ್ಕನಿಯ ಗಾಜಿಗೆ ಅಂಟಿಸಿದೆ. ಕೀಲಿನ ಕೆಲಸದಲ್ಲಿ ಇದೊಂದು ವಾಡಿಕೆ. ಎಡ ಬಾಗಿಲಿನ ಕೀಲು, ಬಲ ಬಾಗಿಲಿನ ಕೀಲು ನೋಡಲು ಬೇರೆ, ನಂಬರ್ ಬೇರೆ. ಆದರೆ ಜೋಡಿಯಾದರೆ ಒಂದರ ಮೇಲೊಂದು ಇಟ್ಟಾಗ ಮೊಳೆಯ ತೂತುಗಳು ಒಂದೇ ಕಡೆ ಬರಬೇಕು. ಉದ್ದಮೂತಿಯ ಮೇಲೆ ಗಿಡ್ಡಮೂತಿಯನ್ನು ಇಟ್ಟೆ.

ಬೆನ್ನಿನ ಚಿಪ್ಪಿನ ಹತ್ತು ಸಾಲು ಗುಳಿ ಹತ್ತು ಸಾಲಿನ ಮೇಲೇ ಕೂತವು. ಹಿಂಗಾಲಿನ ಕೊಕ್ಕೆ ಕೊಕ್ಕೆಯ ಮೇಲೆ. ಕಣ್ಣಿನ ಅಂಚಿನ ಚಿಕ್ಕ ಕಚ್ಚೂ ತಪ್ಪಲಿಲ್ಲ. ಮೂತಿ ಮತ್ತು ಮುಂಗಾಲು ಬಿಟ್ಟರೆ ಎರಡೂ ಒಂದೇ. ಸಂಜೆಯ ಬಿಸಿಲು ಗಾಜಿನಾಚೆ ಇಳಿಯುತ್ತಿತ್ತು.

ಇವು ಎರಡು ಜಾತಿಯಲ್ಲ. ಗಂಡು ಮತ್ತು ಹೆಣ್ಣು.

ಸುಮ್ಮನಿದ್ದುಬಿಡಬಹುದಿತ್ತು. ನಾನು ಚಿತ್ರ ಬರೆಯುವವಳು, ಹೆಸರಿನ ಗೊಡವೆ ನನಗೇಕೆ. ಆದರೆ ಹತ್ತು ವರ್ಷದಲ್ಲಿ ಇನ್ಯಾರೋ ಇದನ್ನೇ ಕಂಡುಹಿಡಿದು, ಎರಡು ಹೆಸರಿನಲ್ಲಿ ಒಂದನ್ನು ಹೊಡೆದುಹಾಕುತ್ತಾರೆ. ಹೋಗುವುದು ಭಾನುವಿನ ಹೆಸರೇ ಆದರೆ? ಹೇಳಿದರೆ ಅವರು ಮೂರು ವರ್ಷದಿಂದ ಕಟ್ಟಿಕೊಂಡಿದ್ದು ಬೀಳುತ್ತದೆ, ಕೆಡವಿದವಳು ನಾನಾಗುತ್ತೇನೆ. ಸುಶ್ರುತರನ್ನು ಕಳೆದುಕೊಳ್ಳುವ ಅತಿ ಸುಲಭದ ದಾರಿ ನನ್ನ ಕೈಯಲ್ಲೇ ಇತ್ತು.

* * *

ಸೋಮವಾರ ಟ್ರೇಸಿಂಗ್‌ಗಳನ್ನು ಅವರ ಕಿಟಕಿಯ ಗಾಜಿಗೇ ಹಿಡಿದು ತೋರಿಸಿದೆ. ಅವರು ಒಂದು ಕ್ಷಣ ನೋಡಿ ಮುಖ ತಿರುಗಿಸಿದರು.

"ಒಂದೊಂದನ್ನ ಕತ್ತರಿಸಿ ನೋಡಿ," ಎಂದೆ. "ಹೊಟ್ಟೆ ಒಳಗೆ ನೋಡಿದ್ರೆ ಗಂಡೋ ಹೆಣ್ಣೋ ಐದು ನಿಮಿಷದಲ್ಲಿ ಗೊತ್ತಾಗತ್ತೆ ಅಂತ ನೀವೇ ಹೇಳಿದ್ರಿ. ಬೇರೆ ಎಲ್ಲ ಹುಳಕ್ಕೂ ಮೊದಲು ಮಾಡೋದೇ ಅದು ಅಂದ್ರಿ."

"ಅವಳು ಪಿನ್ ಮಾಡಿದ ಹುಳಕ್ಕೆ ನಾನು ಕತ್ತರಿ ಹಾಕಲ್ಲ."

"ಮೂರು ವರ್ಷದಿಂದ ಹಾಕಿಲ್ಲ. ಅನುಮಾನ ಇತ್ತು ಅದಕ್ಕೇ, ಅಲ್ವಾ?"

ಅವರು ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. "ಎರಡು ಹೆಸರು ಒಂದೇ ಪುಟದಲ್ಲಿ ಇರಬೇಕು ಅನ್ನೋದು ಅವಳ ಆಸೆ. ಜಾತಿ ಒಂದೇ ಅಂದ್ರೆ ಒಬ್ಬರೇ ಉಳೀತೀವಿ," ಎಂದರು.

"ಉಳಿದಿರೋದು ಒಬ್ಬರೇ ಅಲ್ವಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಕೋಟು ಬಿಚ್ಚಿಡಿ," ಎಂದರು ಮೆಲ್ಲಗೆ.

ಬಿಚ್ಚಿ ಅದೇ ಗೂಟಕ್ಕೆ ಹಾಕಿದೆ. ಕಾರಿಗೆ ಬರುವಷ್ಟರಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು, ಚಳಿಗೋ ಅಳುವಿಗೋ ಗೊತ್ತಿಲ್ಲ.  ಆಂಟಿ ಸಾರು ಬಿಸಿ ಮಾಡಿ ಕೊಟ್ಟು, "ಬದುಕಿರೋ ಸವತಿ ಜೊತೆ ಜಗಳ ಆಡಬಹುದು ಕಣೇ, ಸುಹಾ. ಸತ್ತೋಳ ಜೊತೆ ಆಡಬಾರದು. ಅವಳು ತಿರುಗಿ ಬೈಯಲ್ಲ," ಎಂದರು.

ಮೂರು ದಿನ ಬೇಸ್‌ಮೆಂಟಿನಲ್ಲಿ ಬಟ್ಟೆ ಮಡಚಿದೆ, ಬಿಚ್ಚಿದೆ, ಮಡಚಿದೆ. ನಾಲ್ಕನೆಯ ದಿನ ಬೆಳಿಗ್ಗೆ ಫೋನ್ ಬಂತು.

"ಸೀಸೆ ತೆಗೀತೀನಿ," ಎಂದರು ಸುಶ್ರುತ. "ಒಬ್ಬನಿಗೇ ಆಗ್ತಾ ಇಲ್ಲ. ಬರ್ತೀರಾ?"

ನಾನು ಹೋದಾಗ ಕೋಟು ನನ್ನ ಕುರ್ಚಿಯ ಬೆನ್ನ ಮೇಲಿತ್ತು. ಹಾಕಿಕೊಂಡೆ. ಅವರು ಮುಚ್ಚಳ ತಿರುಗಿಸಿ, ಚಿಮಟದಿಂದ ಒಳಗಿದ್ದದ್ದನ್ನು ಗಾಜಿನ ಬಟ್ಟಲಿಗೆ ಇಳಿಸಿದರು. ಇಬ್ಬರೂ ಎರಡು ತಲೆಯ ಮೈಕ್ರೋಸ್ಕೋಪಿಗೆ ಒಟ್ಟಿಗೆ ಬಗ್ಗಿದೆವು.

ಎರಡು ಹುಳ. ಒಂದು ಉದ್ದಮೂತಿ, ಅದರ ಬೆನ್ನ ಮೇಲೆ ಒಂದು ಗಿಡ್ಡಮೂತಿ. ಗಿಡ್ಡಮೂತಿಯ ಒರಟು ಕೂದಲಿನ ಮುಂಗಾಲು ಹೆಣ್ಣಿನ ನುಣ್ಣನೆಯ ಚಿಪ್ಪನ್ನು ಜಾರದಂತೆ ತಬ್ಬಿಕೊಂಡಿತ್ತು. ಆ ಕೂದಲು ಇದ್ದದ್ದೇ ಅದಕ್ಕೆ. ಮೊಜಾಂಬಿಕ್‌ನ ಗುಡ್ಡದ ಮೇಲೆ ಕೂಡಿದ್ದ ಜೋಡಿ ಹಾಗೇ ಸ್ಪಿರಿಟ್ಟಿಗೆ ಬಿದ್ದಿತ್ತು, ಮೂರು ವರ್ಷದಲ್ಲಿ ಬಿಡಿಸಿಕೊಂಡಿರಲಿಲ್ಲ. ಹಸಿರು ಬಾಣ ಅಲ್ಲಾಡದೆ ನಿಂತಿತ್ತು.

"ಚೀಟಿ ಇದೆ," ಎಂದೆ.

ಸ್ಪಿರಿಟ್ಟಿನಲ್ಲಿ ಶಾಯಿ ಕರಗುತ್ತದೆ, ಅದಕ್ಕೆ ಒಳಗಿಡುವ ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯುವುದು. ಒಂದು ಬದಿಯಲ್ಲಿ ಊರು, ತಾರೀಖು. ಅವರು ಚಿಮಟದಿಂದ ಅದನ್ನು ಮಗುಚಿದರು. ಹಿಂದೆ ಕನ್ನಡದಲ್ಲಿ, ಕೆಳಗೆ ವಾಲಿದ ಸಾಲುಗಳಲ್ಲಿ ಬರೆದಿತ್ತು:

"ಎರಡಲ್ಲ, ಒಂದೇ! ನನ್ನ ಜ್ವರ ಬಿಡಲಿ, ಆಮೇಲೆ ಹೇಳ್ತೀನಿ. ಸುಶ್ರುತನ ಮುಖ ನೋಡಬೇಕು."

ಮೇಜಿನ ಆಚೆಯಿಂದ ಒಂದು ಸದ್ದು ಬಂತು. ನಗುವೆಂದು ತಲೆ ಎತ್ತಿದೆ. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು, ಭುಜ ಕುಲುಕುತ್ತಿತ್ತು.

ಎದ್ದು ಹೋಗಿ ಪಕ್ಕದಲ್ಲಿ ನಿಂತೆ. ಮುಟ್ಟಲು ಧೈರ್ಯ ಬರಲಿಲ್ಲ. "ಇದು ನೀವು ಬರೆಸಿದ್ದಲ್ಲ," ಎಂದೆ. "ನೋಡಿ ಇಲ್ಲಿ. ಜ್ವರ ಇತ್ತು, ನಿಜ. ಆದ್ರೆ ಅವ್ರು ನಿಮ್ಮ ಮಾತಿಗೆ ಕಷ್ಟಪಟ್ಟು ಕೂತಿರಲಿಲ್ಲ. ನಗ್ತಾ ಕೂತಿದ್ರು. ನಿಮ್ಮನ್ನ ಆಟ ಆಡಿಸೋಕೆ ಕಾಯ್ತಾ ಇದ್ರು."

ಅವರು ಕೋಟಿನ ತೋಳನ್ನು ಹಿಡಿದುಕೊಂಡರು. ಒಳಗೆ ನನ್ನ ಕೈ ಇತ್ತು. ಹಿಡಿದದ್ದು ಯಾವುದನ್ನು ಎಂದು ನಾನು ಕೇಳಲಿಲ್ಲ.

* * *

ಏಪ್ರಿಲ್ ಮೂವತ್ತಕ್ಕೆ ಎಲ್ಲವೂ ಮುಗಿಯಬೇಕಿತ್ತು. ಅವರ ಹುದ್ದೆ ಅಂದಿಗೆ ಕೊನೆ, ನನ್ನ ಕೆಲಸವೂ. ಹುಳಗಳು ಕಡ ತಂದವು, ಮೊಜಾಂಬಿಕ್‌ಗೆ ವಾಪಸು ಹೋಗಬೇಕು. ಪೆಟ್ಟಿಗೆಗೆ ಹತ್ತಿ ತುಂಬುತ್ತಾ ಸುಶ್ರುತ ಕೇಳಿದರು.

"ಈಗ ಒಂದೇ ಹೆಸರು. ನಿಮ್ಮದನ್ನ ಇಡಲಾ? ಟ್ರೇಸಿಂಗ್ ಇಟ್ಟು ಕಂಡುಹಿಡಿದಿದ್ದು ನೀವು."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಪ್ರಪಂಚ ಇರುವವರೆಗೂ ಉಳಿಯುವ ಹೆಸರು, ಅದೂ ಅವರು ಇಡುವ ಹೆಸರು. ಆದರೂ ತಲೆಯಾಡಿಸಿದೆ.

"ಮೊದಲು ಕಂಡುಹಿಡಿದಿದ್ದು ಭಾನು. ಹುಳಕ್ಕೆ ಅವ್ರ ಹೆಸರೇ ಇರಲಿ. ನನಗೆ ಅಪ್ಪ ಅಮ್ಮ ಇಟ್ಟ ಹೆಸರಿದೆ. ಮೂರೂವರೆ ತಿಂಗಳಾಯ್ತು, ನೀವು ಒಂದ್ಸಲನೂ ಕರೆದಿಲ್ಲ. ಕರೀರಿ, ಅಷ್ಟು ಸಾಕು."

ಅವರು ಬಾಯಿ ತೆರೆದರು. ನಾನು ಕಾದೆ. ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದು ಕೇಳಿಸಿತು.

"ಆಸ್ಪತ್ರೆಲಿ ಎರಡು ದಿನ ಅವಳನ್ನ ಹೆಸರು ಹಿಡಿದು ಕರೆದೆ," ಎಂದರು. "ಕರೆದ್ರೆ ಕೇಳಿಸತ್ತೆ, ಕರೀತಾ ಇರಿ ಅಂದ್ರು ನರ್ಸ್. ಗಂಟಲು ಕಟ್ಟೋವರೆಗೂ ಕರೆದೆ. ಅವಳು ಓ ಅನ್ನಲಿಲ್ಲ. ಅವತ್ತಿಂದ..."

ನನಗೆ ಆಗ ಅರ್ಥವಾಯಿತು. ಕೋಪ ಎಲ್ಲಿ ಹೋಯಿತೋ ತಿಳಿಯದು. ಕೋಟನ್ನು ಬಿಚ್ಚಿ, ಮಡಚಿ, ಅವರ ಕೈಯಲ್ಲಿಟ್ಟೆ.

"ನಾನು ಓ ಅಂತೀನಿ," ಎಂದೆ. "ಯಾವಾಗ ಕರೆದ್ರೂ."

ಅಂದೇ ಮಧ್ಯಾಹ್ನ ಐ-ತೊಂಬತ್ತನಾಲ್ಕು ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟೆ. ಮಿಷಿಗನ್ ಗಡಿ ದಾಟುವವರೆಗೂ ಫೋನನ್ನು ಪಕ್ಕದ ಸೀಟಿನ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟಿದ್ದೆ. ಅದು ಸದ್ದು ಮಾಡಲಿಲ್ಲ.

* * *

ಬೇಸಗೆಯಲ್ಲಿ ಕೆಲಸ ಸಿಕ್ಕಿತು. ಕಾರಿನ ಬಾಗಿಲಿಂದ ಆಸ್ಪತ್ರೆ ಮಂಚಕ್ಕೆ ಬಡ್ತಿ, ಅಲ್ಲೂ ಕೀಲೇ. ಸುಶ್ರುತ ಶಾಮ್‌ಬರ್ಗ್ ಕಡೆಯ ಒಂದು ಕಾಲೇಜಿನಲ್ಲಿ ಪಾರ್ಟ್ ಟೈಮ್ ಪಾಠ ಮಾಡುತ್ತಿದ್ದಾರೆಂದು ಆಂಟಿ ಹೇಳಿದರು. ಅವರಿಂದ ಬಂದದ್ದು ಐದೇ ಇಮೇಲ್. "ನಾಲ್ಕನೇ ಚಿತ್ರದಲ್ಲಿ ಹಿಂಗಾಲಿನ ಮುಳ್ಳು ಎರಡೋ ಮೂರೋ?" ಎಂದು ಅವರು. "ಮೂರು," ಎಂದು ನಾನು. ಆ ಒಂದು ಪದ ಕಳಿಸಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದೆ. ಯಾವ ಇಮೇಲಿನ ತಲೆಯಲ್ಲೂ ನನ್ನ ಹೆಸರಿರಲಿಲ್ಲ.

ನವೆಂಬರಿನ ಒಂದು ಶನಿವಾರ ಮಧ್ಯಾಹ್ನ, ಮೊದಲ ಹಿಮ ಬೀಳುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಪೀಪ್‌ಹೋಲಿನಲ್ಲಿ ನೋಡಿದೆ. ಆ ಪುಟ್ಟ ಗಾಜಿನಲ್ಲಿ ಮೂಗು ಇನ್ನೂ ಉದ್ದ ಕಾಣುತ್ತಿತ್ತು. ಮುನ್ನೂರು ಮೈಲಿ ಡ್ರೈವ್ ಮಾಡಿದ ಮುಖ. ಒಂದು ಕೈಯಲ್ಲಿ ಅಚ್ಚಾದ ಪೇಪರ್, ಇನ್ನೊಂದರಲ್ಲಿ ಡ್ರೈ ಕ್ಲೀನಿಂಗ್ ಕವರಿನೊಳಗೆ ಬಿಳಿಯದೊಂದು ಬಟ್ಟೆ. ಚಿಲಕದ ಮೇಲೆ ಕೈಯಿಟ್ಟೆ, ತೆಗೆಯಲಿಲ್ಲ.

"ಯಾರು ಬೇಕಿತ್ತು?" ಎಂದು ಒಳಗಿನಿಂದಲೇ ಕೇಳಿದೆ.

ಪೀಪ್‌ಹೋಲಿನಲ್ಲಿ ಅವರ ತುಟಿ ಅಲ್ಲಾಡಿತು, ನಿಂತಿತು. ಕಣ್ಣು ಮುಚ್ಚಿದರು. ಹೊರಟುಹೋಗುತ್ತಾರೆ ಎಂದೇ ಅಂದುಕೊಂಡೆ.

"ಸುಹಾಸಿನಿ," ಎಂದರು.

ನಿಧಾನವಾಗಿ, ಒಂದಕ್ಷರವೂ ತಪ್ಪದಂತೆ ಹೇಳಿದರು. ಮತ್ತೆ ಇನ್ನೊಮ್ಮೆ, ಸ್ವಲ್ಪ ಜೋರಾಗಿ, ಧ್ವನಿ ಒಡೆದು, "ಸುಹಾಸಿನಿ."

"ಓ," ಎಂದೆ.

ಬಾಗಿಲು ತೆಗೆದೆ. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ. ಪೇಪರನ್ನು ಮುಂದೆ ಚಾಚಿದರು. ಮೇಲ್ಪುಟದಲ್ಲಿ ಭಾನುವಿನ ಹೆಸರು ಹೊತ್ತ ಹುಳ, ಜೋಡಿಯಾಗಿ, ನನ್ನ ಚುಕ್ಕಿಗಳಲ್ಲಿ. ಆಮೇಲೆ ಕವರಿನಲ್ಲಿದ್ದ ಕೋಟನ್ನು ಎತ್ತಿ ತೋರಿಸಿದರು. ಜೇಬಿನ ಮೇಲಿನ ನೀಲಿ ಹೆಸರು ಹಾಗೇ ಇತ್ತು.

"ಇದನ್ನ ಎಲ್ಲಿ ಬಿಟ್ಟು ಬರಬೇಕು ಅಂತ ಗೊತ್ತಾಗಲಿಲ್ಲ," ಎಂದರು. ತಪ್ಪು ಮಾಡಿದವರಂತೆ ಹೊಸಿಲಾಚೆಯೇ ನಿಂತಿದ್ದರು.

ನನ್ನ ಜಾಕೆಟ್ಟಿನ ಪಕ್ಕದ ಗೂಟ ಖಾಲಿಯಿತ್ತು.

"ಒಳಗೆ ಬನ್ನಿ," ಎಂದೆ. "ಇಬ್ಬರೂ."